ಮೂವತ್ತೆಂಟನೇ ಹಸುವಿನ ಬಣ್ಣ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.10

ಬೂಟು ಮತ್ತೆ ಜಾಗ ಬದಲಿಸಿದೆ. ಶನಿವಾರ ತೊಳೆದು ಮೂರನೇ ಗೂಡಿನಲ್ಲಿ, ಮೂತಿ ಗೋಡೆಯ ಕಡೆ ಮಾಡಿ ಇಟ್ಟಿದ್ದೆ. ಈಗ ನಾಲ್ಕನೆಯದರಲ್ಲಿದೆ, ಮೂತಿ ಹೊರಗೆ. ಯಾರೋ ಹಾಕಿಕೊಂಡು ಹೋಗಿದ್ದರೆ ಸರಿ. ಹಾಕಿಕೊಳ್ಳದೆ ಸುಮ್ಮನೆ ಎತ್ತಿಟ್ಟಿದ್ದರೆ? ಅದು ತಲೆ ತಿನ್ನುತ್ತಿದೆ.

ಇವತ್ತಿನಿಂದ ದನದ ಕೊಟ್ಟಿಗೆ. ಆರು ವಾರ. ಕ್ಲಿನಿಕಲ್ ಟ್ರೈನಿಂಗ್ ಅನ್ನುತ್ತಾರೆ. ಊರಲ್ಲಿ ಹದಿನೆಂಟು ವರ್ಷ ಇದೇ ಕೆಲಸ ಮಾಡಿದ್ದೆ, ದನದ ಡಾಕ್ಟರು ಅನ್ನಿಸಿಕೊಂಡಿದ್ದೆ. ಆ ಡಿಗ್ರಿ ಈ ದೇಶದಲ್ಲಿ ಲೆಕ್ಕಕ್ಕಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ, ಇಪ್ಪತ್ತನಾಲ್ಕರವರ ಸಾಲಿನಲ್ಲಿ ನಿಂತು, ಹಸುವಿನ ಹಿಂದೆ ಹೇಗೆ ನಿಲ್ಲಬೇಕು ಎಂದು ಕಲಿಯುತ್ತಿದ್ದೇನೆ. ಚೆನ್ನಾಗಿಯೇ ಕಲಿಸುತ್ತಾರೆ.

ಕಳೆದ ವರ್ಷ ನಾಯಿಗಳ ವಿಭಾಗದಲ್ಲಿ ಫೇಲಾದೆ. ಇದು ಎರಡನೇ ಸಲ. ಮೂರನೇ ಸಲ ಅನ್ನುವುದು ಇಲ್ಲಿನ ನಿಯಮದಲ್ಲಿಲ್ಲ. ಪಾಸಾದರೆ ಲೈಸೆನ್ಸ್. ಹೆಂಡತಿ, ಮಗಳು ಇಲ್ಲಿಗೆ ಬರುತ್ತಾರೆ. ಇಲ್ಲದಿದ್ದರೆ ನಾನು ಹೋಗುತ್ತೇನೆ — ರಾಜೀನಾಮೆ ಕೊಟ್ಟು ಬಂದ ಕಡೆಗೆ.

ಅದೇ ದಿನ, ಸಂಜೆ

ಜೋಡಿಗಳ ಪಟ್ಟಿ ಹಾಕಿದರು. ನನ್ನ ಪಾಲಿಗೆ ಗಡಿಬಿಡಿ. ಇಡೀ ಬ್ಯಾಚಿನಲ್ಲಿ ನನ್ನ ಭಾಷೆ ಆಡುವವಳು ಇವಳೊಬ್ಬಳೇ. ಹೆಸರು ನಾನಿಟ್ಟದ್ದು. ಕೋಟಿನ ಒಂದು ಗುಂಡಿ ಈ ಕೋಣೆಯಲ್ಲಿ ಹಾಕಿದರೆ ಇನ್ನೊಂದನ್ನು ಆ ಕೋಣೆಯಲ್ಲಿ ಹಾಕುತ್ತಾಳೆ.

“ಅಂಕಲ್, ನಾವಿಬ್ರೂ ಜೋಡಿ!”

“ಅಂಕಲ್ ಅನ್ನಬೇಡ.”

“ಸರಿ ಸರ್.”

“ಸರ್ ಕೂಡ ಬೇಡ. ಒಂದೇ ಕ್ಲಾಸು.”

“ಮತ್ತೆ ಹೆಸರು ಹಿಡಿದು ಕರೀಲಾ? ನಮ್ಮಮ್ಮಂಗೆ ಗೊತ್ತಾದ್ರೆ ಫೋನಲ್ಲೇ ಕೆನ್ನೆಗೆ ಬಾರಿಸ್ತಾರೆ. ಅಣ್ಣ ಅಂತೀನಿ. ಮುಗೀತು.”

ಜೋಡಿ ಮಾಡಿದವರು ಪ್ರೊಫೆಸರು. ಬೆಳ್ಳಗಿನ ತಲೆಯ ಹೆಂಗಸು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಂದೇ ಭಾಷೆಯವರನ್ನು ಒಟ್ಟಿಗೆ ಹಾಕಿದ್ದು ಅನುಕೂಲಕ್ಕೋ, ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಲಿ ಅಂತಲೋ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ಇಲ್ಲಿನ ಪದ್ಧತಿ ಬರೆದಿಡುತ್ತೇನೆ. ಹಸುವನ್ನು ಕಬ್ಬಿಣದ ಸರಳುಗಳ ನಡುವೆ ನಿಲ್ಲಿಸುತ್ತಾರೆ. ಒಬ್ಬರು ಭುಜದವರೆಗೆ ಗ್ಲೌಸ್ ಹಾಕಿ, ಹಿಂದಿನಿಂದ ಕೈ ಒಳಗೆ ಬಿಟ್ಟು, ಕರುಳಿನ ಗೋಡೆಯ ಆಚೆಗಿರುವ ಗರ್ಭಕೋಶವನ್ನು ಮುಟ್ಟಿ ನೋಡಬೇಕು. ಗಬ್ಬವೋ ಖಾಲಿಯೋ, ಗಬ್ಬವಾದರೆ ಎಷ್ಟು ದಿನ, ಗಟ್ಟಿಯಾಗಿ ಹೇಳಬೇಕು. ಜೊತೆಗಾರರು ಅದನ್ನು ಪುಸ್ತಕದಲ್ಲಿ ಬರೆದು, ಹಸುವಿನ ಪಿರ್ರೆಯ ಮೇಲೆ ಮೇಣದ ಬಣ್ಣದ ಕಡ್ಡಿಯಿಂದ ಗೀಟು ಎಳೆಯಬೇಕು. ಗಬ್ಬಕ್ಕೆ ಹಸಿರು. ಖಾಲಿಗೆ ಕೆಂಪು. ಆಮೇಲೆ ಪ್ರೊಫೆಸರು ಸ್ಕ್ಯಾನ್ ಮಾಡಿ ನಮ್ಮ ಮಾತು ಎಷ್ಟು ಸರಿ ಎಂದು ನೋಡುತ್ತಾರೆ.

ಕೆಂಪು ಗೀಟಿನ ಹಸುಗಳಿಗೆ ಮೇಸ್ತ್ರಿ ಬೆದೆಗೆ ತರುವ ಇಂಜೆಕ್ಷನ್ ಚುಚ್ಚುತ್ತಾನೆ. ಮೇಸ್ತ್ರಿ ಅಂದರೆ ಕೊಟ್ಟಿಗೆಯ ಉಸ್ತುವಾರಿಯವನು, ಮೂವತ್ತು ವರ್ಷದಿಂದ ಇದ್ದಾನಂತೆ. ಪುಸ್ತಕ ನೋಡುವುದಿಲ್ಲ, ಬಣ್ಣ ಮಾತ್ರ ನೋಡುತ್ತಾನೆ. ಖಾಲಿ ಹಸುವಿಗೆ ಆ ಇಂಜೆಕ್ಷನ್ನಿಂದ ಒಳ್ಳೆಯದೇ. ಗಬ್ಬದ ಹಸುವಿಗೆ ಬಿದ್ದರೆ ನಾಲ್ಕೈದು ದಿನದಲ್ಲಿ ಕಂದು ಹಾಕುತ್ತದೆ, ಅಂದರೆ ಗರ್ಭಪಾತ.

ಇವತ್ತು ಹನ್ನೆರಡು ಹಸು. ನನ್ನದು ಹನ್ನೆರಡೂ ಸರಿ. ಗಡಿಬಿಡಿಯದು ಏಳು. ಪ್ರೊಫೆಸರು ಸ್ಕ್ಯಾನಿನ ಪರದೆಯಿಂದ ಕಣ್ಣು ತೆಗೆಯದೆ, “ನಿಮ್ಮ ಕೈಗೆ ಕಣ್ಣಿದೆ” ಅಂದರು. ಎಲ್ಲರ ಎದುರಿಗೆ. ಹೀಗೆ ಹೊಗಳುವವರು ಸಾಮಾನ್ಯವಾಗಿ ಆಮೇಲೆ ಏನನ್ನೋ ಕೇಳುತ್ತಾರೆ.

ಮಾರ್ಚ್ 10, ಸೋಮವಾರ

ಗಡಿಬಿಡಿಯ ಹತ್ತಿರ ಎರಡು ಪುಸ್ತಕ. ಒಂದು ಕೊಟ್ಟಿಗೆಯದು, ಎಲ್ಲರಿಗೂ ಕಾಣುವಂಥದ್ದು. ಇನ್ನೊಂದು ಅಂಗೈಯಗಲದ್ದು, ನೀಲಿ ರಟ್ಟು, ಕೋಟಿನ ಒಳಜೇಬಿನಲ್ಲಿ. ನಾನು ಏನಾದರೂ ಹೇಳಿದ ಮೇಲೆ ಅತ್ತ ತಿರುಗಿ ಅದರಲ್ಲಿ ಬರೆಯುತ್ತಾಳೆ. ನಾನು ನೋಡಿದರೆ ಜೇಬಿಗೆ ಹೋಗುತ್ತದೆ.

“ಏನದು?”

“ಏನಿಲ್ಲ ಅಣ್ಣ, ಮನೆ ಸಾಮಾನಿನ ಪಟ್ಟಿ.”

ದಿನಕ್ಕೆ ಹತ್ತು ಸಲ ಮನೆ ಸಾಮಾನು ನೆನಪಾಗುವುದಿಲ್ಲ.

ನನ್ನ ನಾಯಿ ವಿಭಾಗದ ಫೇಲಿನ ವಿಷಯ ಇವಳಿಗೆ ಹೇಗೆ ಗೊತ್ತು? ನಾನಂತೂ ಹೇಳಿಲ್ಲ. ಕ್ಯಾಂಟೀನಿನಲ್ಲಿ ತಾನಾಗಿಯೇ, “ಈ ಸಲ ಆಗತ್ತೆ ಬಿಡಿ ಅಣ್ಣ” ಅಂದಳು. ಸಮಾಧಾನ ಹೇಳುವವರ ಹತ್ತಿರ ಮಾಹಿತಿ ಇರುತ್ತದೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ 2

ಸ್ಕ್ಯಾನ್ ಮೆಷಿನ್ ಕೆಟ್ಟಿದೆ. ರಿಪೇರಿಗೆ ಹೋಯಿತು. ಪ್ರೊಫೆಸರು ಸಾಲಿನ ಮೇಲೆ ಕಣ್ಣಾಡಿಸಿ ನನ್ನ ಹತ್ತಿರ ನಿಲ್ಲಿಸಿದರು. “ಇವತ್ತು ಕೈಗಳನ್ನೇ ನಂಬೋಣ.”

ನಮ್ಮ ಜೋಡಿಗೆ ಇಪ್ಪತ್ತೆರಡು ಹಸು. ಒಳಗೆ ಕೈ ಹಾಕಿದ್ದೆಲ್ಲ ನಾನೇ. ಗಡಿಬಿಡಿ ಬರೆದಳು. ಒಂದು ಗಂಟೆ ನಲವತ್ತು ನಿಮಿಷ. ಊರಿನ ಕ್ಯಾಂಪುಗಳು ನೆನಪಾದವು — ಸಾಲುಗಟ್ಟಿದ ದನ, ಸುತ್ತ ನಿಂತ ಜನ, ಯಾರೂ ನನಗೆ ಅಂಕ ಕೊಡುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ತಲೆ ಬೇಕೇ ಆಗಲಿಲ್ಲ. ಖುಷಿ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 11

ಮೂವತ್ತೆಂಟನೇ ಹಸು ಕಂದು ಹಾಕಿದೆ.

ಮೇಸ್ತ್ರಿ ತಟ್ಟೆಯಲ್ಲಿ ಇಟ್ಟು ತಂದು ಮೇಜಿನ ಮೇಲಿರಿಸಿದ. ಇಲಿಗಿಂತ ಸ್ವಲ್ಪ ದೊಡ್ಡದು. ಪೊರೆ ಅರ್ಧ ಹರಿದಿದೆ. ಗೊರಸು ಬರುವ ಜಾಗದಲ್ಲಿ ಬೆಳ್ಳಗೆ ಗುರುತು. ಎಲ್ಲರೂ ಮೇಜಿನ ಸುತ್ತ ಬಂದು ನಿಂತರು. ಹಸು ಮಾತ್ರ ಮೇವು ತಿನ್ನುತ್ತಿತ್ತು.

ಪುಸ್ತಕ ತೆಗೆಸಿದರು. ಗುರುವಾರದ ಪುಟ, ಗಡಿಬಿಡಿಯ ಕೈಬರಹ: 38, ಗಬ್ಬ, 65 ದಿನ. ನಾನು ಹೇಳಿದ್ದು ಅಷ್ಟೇ. ಸರಿಯಾಗಿಯೇ ಹೇಳಿದ್ದೇನೆ.

ಹಸುವಿನ ಪಿರ್ರೆ ನೋಡಿದೆವು. ಮಾಸಿದೆ, ಆದರೂ ಕೆಂಪು.

ಅದೇ ದಿನ, ಸಂಜೆ 5

ಪ್ರೊಫೆಸರ ಕೋಣೆ. ಇಬ್ಬರೂ ನಿಂತಿದ್ದೆವು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಸ್ಕ್ಯಾನ್ ಇಲ್ಲದೆ ಇಂಜೆಕ್ಷನ್ ಚುಚ್ಚಲು ಬಿಟ್ಟದ್ದು ನನ್ನ ತಪ್ಪು. ಅದಕ್ಕೆ ನಾನು ಉತ್ತರ ಕೊಡುತ್ತೇನೆ. ಪುಸ್ತಕ ಸರಿಯಿದೆ. ಗೀಟು ತಪ್ಪಿದೆ. ಗೀಟು ಎಳೆದವರು ಯಾರು?”

“ಗೀಟು ಎಳೆಯುವುದು ಜೊತೆಗಾರರ ಕೆಲಸ” ಅಂದೆ. ನಿಯಮ ಹೇಳಿದೆ, ಅಷ್ಟೇ. ಯಾರ ಹೆಸರನ್ನೂ ಹೇಳಲಿಲ್ಲ.

ಗಡಿಬಿಡಿ ನನ್ನ ಕಡೆ ನೋಡಿದಳು. “ಮೂವತ್ತೆಂಟಕ್ಕೆ ನಾನು ಎಳೆದ ನೆನಪಿಲ್ಲ.”

ಇಬ್ಬರೂ ಬರೆದು ಕೊಡಬೇಕು. ಏಪ್ರಿಲ್ ಒಂದಕ್ಕೆ ಸಮಿತಿ ಕೂರುತ್ತದೆ. ವಿದ್ಯಾರ್ಥಿಯ ಕೈತಪ್ಪಿನಿಂದ ಪ್ರಾಣಿಗೆ ಹಾನಿಯಾದರೆ ಆ ವಿದ್ಯಾರ್ಥಿಗೆ ಈ ವರ್ಷ ಇಲ್ಲ. ಅವಳಾದರೆ ವರ್ಷ ಹೋಗುತ್ತದೆ. ನಾನಾದರೆ ಎಲ್ಲವೂ ಹೋಗುತ್ತದೆ.

ಕಾರಿಡಾರಿನಲ್ಲಿ ಹಿಂದೆಯೇ ಓಡಿ ಬಂದಳು.

“ಅಣ್ಣ, ಅದು ನೀವೇ ಎಳೆದಿದ್ದಲ್ವಾ? ನಾನು ಪುಸ್ತಕದಲ್ಲಿ ಬರೆದಿಟ್ಟು ಬಕೆಟ್ ತುಂಬಿಸೋಕೆ ಹೋಗಿದ್ದೆ. ಬರೋಷ್ಟರಲ್ಲಿ ಮೂವತ್ತೊಂಬತ್ತು ನಿಂತಿತ್ತು.”

“ನನ್ನ ಕೈ ಒಳಗಿತ್ತಮ್ಮ.”

“ಒಂದು ಕೈ ಅಣ್ಣ.”

ಎಷ್ಟು ಬೇಗ ಉತ್ತರ ಬಂತು. ಮೊದಲೇ ಯೋಚಿಸಿ ಇಟ್ಟುಕೊಂಡವರಿಗೆ ಮಾತ್ರ ಅಷ್ಟು ಬೇಗ ಬರುತ್ತದೆ.

ಮಾರ್ಚ್ 19, ಬುಧವಾರ

ಹೇಳಿಕೆ ಕೊಟ್ಟೆ. ಒಂದೂವರೆ ಪುಟ. ಕೊನೆಯ ಸಾಲು: ‘ಅಂದು ನಾನು ಬಣ್ಣದ ಕಡ್ಡಿಯನ್ನು ಮುಟ್ಟಿಲ್ಲ ಎಂಬುದು ನನಗೆ ಖಚಿತವಾಗಿದೆ.’ ಖಚಿತ ಎಂಬ ಪದದ ಹತ್ತಿರ ಸ್ವಲ್ಪ ಹೊತ್ತು ಪೆನ್ನು ನಿಂತಿತ್ತು. ಆಮೇಲೆ ಮುಂದೆ ಹೋಯಿತು.

ಅವಳಿಗೇನು ಲಾಭ? ಯೋಚಿಸಿದೆ. ಹನ್ನೆರಡಕ್ಕೆ ಏಳು ಪಡೆದವಳು. ಪಕ್ಕದವನ ಕೈಗೆ ಕಣ್ಣಿದೆ ಎಂದು ಎಲ್ಲರೂ ಅಂದರೆ ಯಾರಿಗೆ ಹಿತವಾಗುತ್ತದೆ? ಬೇಕೆಂದೇ ಮಾಡಿದಳು ಅನ್ನುತ್ತಿಲ್ಲ. ತಿಳಿಯದೆ ಮಾಡಿದಳು ಅಂತಲೂ ಅನ್ನಲಾರೆ.

ಮೇಸ್ತ್ರಿಯನ್ನು ಹಿಡಿದೆ. ಗೊಬ್ಬರ ಎಳೆಯುತ್ತಿದ್ದ. ಅವನ ಮಾತನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

“ಗುರುವಾರ ನೀನು ಅಲ್ಲೇ ಇದ್ದೆಯಲ್ಲ, ಏನು ನೋಡಿದೆ?”

“ನಾನು ಹಿಡ್ಕೊಂಡಿದ್ದು ಮೂಗು ಡಾಕ್ಟ್ರೇ. ಹಿಂದ್ಗಡೆ ಏನು ನಡೀತು ಅಂತ ಹಸೂಗೇ ಗೊತ್ತು.”

ಹೇಳಿ ನಕ್ಕ. ಡಾಕ್ಟ್ರೇ ಅಂದ. ಇಲ್ಲಿ ನನ್ನನ್ನು ಹಾಗೆ ಕರೆದವನು ಇವನೇ ಮೊದಲು. ಈಗಲೇ ಯಾಕೆ?

ಏನೇ ಇರಲಿ. ನೋಡಿದವರು ಯಾರೂ ಇಲ್ಲ.

ಮಾರ್ಚ್ 21, ಶುಕ್ರವಾರ. ಮಧ್ಯಾಹ್ನ 1.30

ಮಾಡಬಾರದ್ದು ಮಾಡಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಳ ಕೋಟು ಗೂಟಕ್ಕೆ ನೇತಾಡುತ್ತಿತ್ತು. ಯಾರೂ ಇರಲಿಲ್ಲ. ಒಳಜೇಬಿನಿಂದ ನೀಲಿ ಪುಸ್ತಕ ತೆಗೆದು ನಿಂತಲ್ಲೇ ಓದಿದೆ.

ನನ್ನದೇ ಮಾತುಗಳು. ಪುಟಪುಟವೂ. ‘ಅಣ್ಣ ಹೇಳಿದ್ದು: ಬೆರಳಿನಿಂದ ಹುಡುಕಬಾರದು, ಕೈ ಇಟ್ಟು ಕಾಯಬೇಕು, ಅದೇ ಬಂದು ತಗಲುತ್ತದೆ.’ ‘ಅಣ್ಣ ಹೇಳಿದ್ದು: ಅರವತ್ತು ದಿನಕ್ಕೆ ಗರ್ಭಕೋಶದ ಒಂದು ಕೊಂಬು ದಪ್ಪ, ಇನ್ನೊಂದು ಸಣ್ಣ. ನೀರು ತುಂಬಿದ ಬಲೂನಿನ ಹಾಗೆ.’ ಪಕ್ಕದಲ್ಲಿ ಚಿತ್ರ. ವಕ್ರವಕ್ರ. ಇನ್ನೊಂದು ಪುಟದಲ್ಲಿ: ‘ಅಣ್ಣಂಗೆ ಇದು ತೋರಿಸಬಾರದು, ಕೊಬ್ಬು ಬರತ್ತೆ.’

ಗುರುವಾರದ ಪುಟ ಹುಡುಕಿದೆ. ಹದಿಮೂರರ ತಾರೀಖಿನ ಕೆಳಗೆ ಇಷ್ಟೇ: ‘22 ಹಸು. ಎರಡು ಬಕೆಟ್ ತಂದೆ. ಅಣ್ಣ ಇವತ್ತು ಸಿಳ್ಳೆ ಹಾಕ್ತಿದ್ರು.’

ಇಟ್ಟೆ. ಮೊದಲಿದ್ದ ಹಾಗೆಯೇ, ರಟ್ಟು ಒಳಮುಖ ಮಾಡಿ.

ನಾನು ಓದುತ್ತೇನೆಂದು ಗೊತ್ತಿದ್ದೇ ಬರೆದಿದ್ದರೆ? ಕೋಟನ್ನು ಅಲ್ಲಿ ಬಿಟ್ಟು ಹೋಗುವ ಹುಡುಗಿಯಲ್ಲ ಅವಳು. ಇವತ್ತೇ ಯಾಕೆ ಬಿಟ್ಟಳು?

ಸಿಳ್ಳೆ? ನಾನು ಸಿಳ್ಳೆ ಹಾಕುವುದಿಲ್ಲ.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 9

ಹೆಂಡತಿಯ ಫೋನು. ಮೊದಲು ಮಗಳು ಕಿತ್ತುಕೊಂಡಳು.

“ಅಪ್ಪಾ, ನಿಮ್ಮ ಕ್ಲಾಸಲ್ಲಿ ನಿಮಗಿಂತ ದೊಡ್ಡೋರು ಯಾರಾದ್ರೂ ಇದಾರಾ?”

“ಹಸುಗಳಿವೆ.”

“ಅವೂ ಚಿಕ್ಕವೇ ಅಪ್ಪಾ. ಹಸು ನಲವತ್ತಾರು ವರ್ಷ ಬದುಕಲ್ಲ.”

ಆಮೇಲೆ ಹೆಂಡತಿ. ಇಷ್ಟು ದಿನ ಹೇಳಿರಲಿಲ್ಲ, ಇವತ್ತು ಹೇಳಿದೆ. ಹಸು, ಪುಸ್ತಕ, ಗೀಟು, ಹುಡುಗಿ. ಸಮಿತಿಯ ವಿಷಯವನ್ನೂ. ಹೂಂ ಹೂಂ ಅನ್ನುತ್ತ ಕೇಳಿದಳು.

“ಒಂದ್ನಿಮಿಷ ರೀ. ಅಲ್ಲಿ ಗಬ್ಬಕ್ಕೆ ಯಾವ ಬಣ್ಣ ಅಂದ್ರಿ?”

“ಹಸಿರು.”

“ಖಾಲಿಗೆ ಕೆಂಪಾ? ಅಯ್ಯೋ, ಪೂರಾ ಉಲ್ಟಾ!” ನಕ್ಕಳು. “ಇಲ್ಲಿ ಕ್ಯಾಂಪಿಗೆ ಹೋದಾಗ ನೀವು ಗಬ್ಬದ್ದಕ್ಕಲ್ವಾ ಕೆಂಪು ಹಚ್ತಿದ್ದಿದ್ದು? ಮುಟ್ಟಬೇಡಿ ಅಂತ. ಎಡಗೈ ತೋಳಿನ ತುಂಬಾ ಕೆಂಪು ಬಳ್ಕೊಂಡು ಬರೋರು. ಅವತ್ತು ಸಿಳ್ಳೆ ಹಾಕ್ಕೊಂಡೇ ಒಳಗೆ ಬರೋರು. ಗಬ್ಬದ್ದು ಜಾಸ್ತಿ ಸಿಕ್ಕಿವೆ ಅಂತ ಅದರಲ್ಲೇ ನಂಗೆ ಗೊತ್ತಾಗ್ತಿತ್ತು. ಆ ಮೇಣದ ಬಣ್ಣ ಉಜ್ಜಿ ಉಜ್ಜಿ ನನ್ನ ಕೈ ಸವೆದಿದೆ. ಮರ್ತೋಯ್ತಾ?”

ಅಂಗಿಯ ಎಡತೋಳು ನೋಡಿಕೊಂಡೆ.

“ರೀ? ಲೈನಲ್ಲಿದೀರಾ?”

ಲೈನು ಸರಿಯಿಲ್ಲ ಅಂದೆ. ಇಟ್ಟೆ.

ಮಾರ್ಚ್ 28, ಶುಕ್ರವಾರ

ಐದು ದಿನ ಬರೆದಿಲ್ಲ.

ಹೆಂಡತಿಯ ನೆನಪನ್ನು ಅನುಮಾನಿಸಿ ನೋಡಿದೆ. ಕೈಗೂಡಲಿಲ್ಲ. ಅಂಗಿ ಒಗೆದವಳು ಅವಳು. ಬಣ್ಣದ ವಿಷಯದಲ್ಲಿ ಅವಳಿಗಿಂತ ದೊಡ್ಡ ಸಾಕ್ಷಿಯಿಲ್ಲ.

ಇನ್ನೊಂದು ದಾರಿ ಹಿಡಿದೆ. ಊರಿನ ಅಭ್ಯಾಸ ನಿಜವಿರಬಹುದು, ಅದು ಇಲ್ಲಿ ಆ ದಿನ ಬಂತು ಎಂದು ಹೇಗೆ ಹೇಳುವುದು? ಬುಧವಾರ ಕೋಣೆಯ ಬಾಗಿಲು ಹಾಕಿ, ಇಪ್ಪತ್ತು ಚೀಟಿ ಮಾಡಿದೆ. ಹತ್ತರಲ್ಲಿ ಗಬ್ಬ, ಹತ್ತರಲ್ಲಿ ಖಾಲಿ. ಕಲೆಸಿದೆ. ಎರಡು ಪೆನ್ನು, ಕೆಂಪು, ಹಸಿರು. ಬಲಗೈಯಿಂದ ಚೀಟಿ ತೆಗೆಯುವುದು, ಓದುವುದು, ಎಡಗೈಯಿಂದ ಗೋಡೆಗೆ ಅಂಟಿಸಿದ ಕಾಗದದ ಮೇಲೆ ಗೀಟು. ಬೇಗ ಬೇಗ, ಯೋಚಿಸದೆ. ನಲವತ್ತಾರು ವರ್ಷದ ಗಂಡಸು ಒಬ್ಬನೇ ಕೂತು ಆಡುವ ಆಟ.

ಹತ್ತೊಂಬತ್ತು ಸರಿ. ಒಂದು ಗಬ್ಬ, ಕೆಂಪು.

ಪರೀಕ್ಷೆಗೆ ಅರ್ಥವಿಲ್ಲ ಅಂದುಕೊಂಡೆ. ತಪ್ಪಬಹುದೆಂದು ಹೆದರಿದ್ದಕ್ಕೇ ತಪ್ಪಿತು. ಇರಬಹುದು. ಆದರೆ ಆ ಗೀಟು ಎಳೆದು, ಮುಂದಿನ ಚೀಟಿ ತೆಗೆದು, ಅದರ ಮುಂದಿನದನ್ನೂ ತೆಗೆದೆ. ಕೊನೆಗೆ ಎಣಿಸುವವರೆಗೆ ತಪ್ಪಿದ್ದು ಕಾಣಲೇ ಇಲ್ಲ.

ನೆನಪು ಬಂತು ಅನ್ನಲಾರೆ. ತಲೆಗೆ ಏನೂ ಬಂದಿಲ್ಲ. ಬಂದಿದ್ದರೆ ಎಡಗೈ ಹೆಬ್ಬೆರಳಿಗೆ ಬಂದಿದೆ. ತಣ್ಣಗಿನ ಮೇಣ, ಒತ್ತಿ ಎಳೆದಾಗ ಕೂದಲಿನ ವಿರುದ್ಧ ಅದು ಜಗ್ಗುವುದು.

ಮಾರ್ಚ್ 30, ಭಾನುವಾರ. ಸಂಜೆ 4

ಫೋನು ಎತ್ತಲಿಲ್ಲ. ಎರಡು ಸಲ ಬಂತು.

ಯಾರಿಗೂ ಗೊತ್ತಿಲ್ಲ. ಇದನ್ನು ಬರೆದು ನೋಡುತ್ತಿದ್ದೇನೆ, ಬರೆದಾಗ ಹೇಗೆ ಕಾಣುತ್ತದೆ ಅಂತ. ಮೇಸ್ತ್ರಿ ಮೂಗು ಹಿಡಿದಿದ್ದ. ಪ್ರೊಫೆಸರು ಪಕ್ಕದ ಸಾಲಿನಲ್ಲಿದ್ದರು. ಗಡಿಬಿಡಿ ನೀರಿನ ಹತ್ತಿರ ಇದ್ದಳು. ನಾನೂ ಅಲ್ಲಿರಲಿಲ್ಲ ಅನ್ನಬಹುದು — ಸಿಳ್ಳೆ ಹಾಕಿದ್ದೂ ತಿಳಿಯದವನು.

ಅವಳು ಚಿಕ್ಕವಳು. ಒಂದು ವರ್ಷ ಹೋದರೆ ಇನ್ನೊಂದು ಬರುತ್ತದೆ. ನನಗೆ ಬರುವುದಿಲ್ಲ. ಮಗಳು ಇಲ್ಲಿನ ಶಾಲೆಯ ಫೋಟೋ ಗೋಡೆಗೆ ಅಂಟಿಸಿದ್ದಾಳಂತೆ.

ಈ ಲೆಕ್ಕ ಸರಿಯಿದೆ. ಸರಿಯಿರುವುದರಿಂದಲೇ ನಂಬಿಕೆ ಬರುತ್ತಿಲ್ಲ. ನಾಲ್ಕು ವಾರದಿಂದ ಎಲ್ಲರನ್ನೂ ಸಂಶಯದಿಂದ ನೋಡಿದ್ದೇನೆ, ಬೂಟನ್ನೂ ಬಿಡಲಿಲ್ಲ. ಒಬ್ಬನನ್ನು ಮಾತ್ರ ಬಿಟ್ಟಿದ್ದೆ.

ಏಪ್ರಿಲ್ 1, ಮಂಗಳವಾರ. ಬೆಳಿಗ್ಗೆ 10.20

ಸಮಿತಿಯ ಕೋಣೆಯ ಹೊರಗೆ ಬೆಂಚು. ಎದುರಿಗೆ ನೀರಿನ ಯಂತ್ರ, ಗೋಡೆಯಲ್ಲಿ ಕುದುರೆಯ ಎಲುಬಿನ ಚಿತ್ರ. ಒಳಗೆ ಮೂವರು. ಪ್ರೊಫೆಸರು ಅವರಲ್ಲಿ ಒಬ್ಬರಲ್ಲ, ಅವರೂ ಹೇಳಿಕೆ ಕೊಟ್ಟು ಹೋದರಂತೆ.

ಏನು ಹೇಳುವುದೆಂದು ಇನ್ನೂ ತೀರ್ಮಾನಿಸಿಲ್ಲ. ಬರೆದುಕೊಟ್ಟದ್ದು ಒಳಗಿದೆ. ಖಚಿತ ಎಂಬ ಪದ ಅದರಲ್ಲಿದೆ. ನಾನು ಸುಮ್ಮನಿದ್ದರೂ ಅದು ಮಾತಾಡುತ್ತದೆ.

10.35

ಗಡಿಬಿಡಿ ಬಂದಳು. ನಿಧಾನವಾಗಿ ಬಂದಳು. ಕೋಟಿನ ಎಲ್ಲ ಗುಂಡಿಗಳೂ ಹಾಕಿದ್ದವು. ಬೆಂಚಿನ ಆ ತುದಿಯಲ್ಲಿ ಕೂತಳು. ಆಮೇಲೆ ಹತ್ತಿರ ಸರಿದಳು.

“ಅಣ್ಣ, ನನ್ನ ಮೇಲೆ ಕೋಪ ಇದ್ಯಾ?”

“ಇಲ್ಲ.”

“ಎರಡು ವಾರದಿಂದ ಅದೇ ಯೋಚನೆ. ಬಕೆಟ್ ತಂದಿದ್ದು ಮೂವತ್ತೆಂಟಕ್ಕೋ ಮೂವತ್ತಾರಕ್ಕೋ... ಈಗ ಯಾವುದೂ ನೆನಪಾಗ್ತಿಲ್ಲ. ಮೊದ್ಲು ಎಷ್ಟು ಗ್ಯಾರಂಟಿ ಇತ್ತು ಗೊತ್ತಾ ನಂಗೆ? ನಿಮ್ಮನ್ನ ನೋಡಿದಾಗೆಲ್ಲ ಅದು ಸ್ವಲ್ಪ ಸ್ವಲ್ಪ ಕಮ್ಮಿ ಆಯ್ತು.”

“ಯಾಕೆ?”

“ನೀವು ತಪ್ಪು ಹೇಳೋರಲ್ಲ ಅಲ್ವಾ. ಹನ್ನೆರಡಕ್ಕೆ ಹನ್ನೆರಡು. ನಾನು ಮೊದ್ಲೇ ಗಡಿಬಿಡಿಯೋಳು.” ನಕ್ಕಳು. “ಹಂಗಂತ ನೀವು ಕರೆಯೋದು ನಂಗೆ ಗೊತ್ತು. ನಾನೇ ಎಳೆದಿರ್ಬೇಕು ಅಣ್ಣ. ಹಾಗೇ ಹೇಳ್ತೀನಿ. ನಿಮ್ದು ಹಾಳಾಗೋದು ಬೇಡ.”

ಬಾಯಿ ತೆರೆದೆ. ಕದ ತೆರೆಯಿತು. ಗುಮಾಸ್ತೆ ಅವಳ ನಂಬರು ಕೂಗಿದಳು. ಎದ್ದು ಹೋದಳು. ಹೋಗುವಾಗ ನನ್ನ ಭುಜ ತಟ್ಟಿದಳು, ದೊಡ್ಡವರು ಚಿಕ್ಕವರಿಗೆ ತಟ್ಟುವ ಹಾಗೆ.

10.41

ಇದರಲ್ಲೂ ಏನೋ ಉಪಾಯ ಇರಬಹುದೇ ಎಂದು ಹುಡುಕಿದೆ. ಅಭ್ಯಾಸಬಲ. ಇಲ್ಲ. ಏನೂ ಇಲ್ಲ. ಒಂದು ಹುಡುಗಿಯ ತಲೆಯೊಳಗಿದ್ದ ಆ ಗುರುವಾರದ ಬೆಳಗನ್ನು ನಾನು ತೆಗೆದು ನನ್ನದನ್ನು ಇಟ್ಟಿದ್ದೇನೆ. ಅವಳು ಅದನ್ನು ತನ್ನದೆಂದು ಒಳಗೆ ಹೇಳುತ್ತಿದ್ದಾಳೆ.

ಕದ ತೆಳ್ಳಗಿದೆ. ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಯಾರೋ ಪ್ರಶ್ನೆ ಕೇಳಿದರು. ಅವಳು ತಡವರಿಸಿದಳು. ಅವಳು ತಡವರಿಸಿದ್ದನ್ನು ಇದುವರೆಗೆ ಕಂಡಿಲ್ಲ.

ಕರೆಯುವವರೆಗೆ ಒಳಗೆ ಹೋಗಬಾರದು ಎಂದು ಬಾಗಿಲ ಮೇಲೆ ಬರೆದಿದೆ. ಎದ್ದಿದ್ದೇನೆ. ನಿಂತೇ ಬರೆಯುತ್ತಿದ್ದೇನೆ. ಒಳಗೆ ತಡವರಿಸಬಾರದು, ಸಾಲುಗಳನ್ನು ಇಲ್ಲೇ ಜೋಡಿಸಿಕೊಳ್ಳುತ್ತೇನೆ. ಹಸು ಮೂವತ್ತೆಂಟು. ಗಬ್ಬ ಎಂದು ಹೇಳಿದವನು ನಾನು. ಅವಳು ನೀರಿಗೆ ಹೋಗಿದ್ದಳು. ಕಡ್ಡಿ ಹಿಡಿದದ್ದು ಎಡಗೈ, ಆ ಎಡಗೈ ನನ್ನ—